ಆಶ್ರಯ ಪಡೆದವರೇ ದಂಗೆ ಎದ್ದದ್ದೇಕೆ? ಮೇರಿಲ್ಯಾಂಡ್ ವಸಾಹತಿನ ಕಥೆ

1655ರ ಮಾರ್ಚ್ 25, ಭಾನುವಾರ. ಉತ್ತರ ಅಮೆರಿಕದ ಪೂರ್ವ ತೀರದಲ್ಲಿ, ಚೆಸಪೀಕ್ ಕೊಲ್ಲಿಯನ್ನು ಸೇರುವ ಸೆವೆರ್ನ್ ಎಂಬ ಚಿಕ್ಕ ನದಿಯ ದಂಡೆಯಲ್ಲಿ ಎರಡು ಪುಟ್ಟ ಪಡೆಗಳು ಎದುರುಬದುರಾದವು. ಎರಡೂ ಕಡೆ ಇದ್ದವರು ಇಂಗ್ಲಿಷರೇ. ಒಂದರ ಮುಂದಾಳು ವಿಲಿಯಂ ಸ್ಟೋನ್, ಮೇರಿಲ್ಯಾಂಡ್ ವಸಾಹತಿನ ಗವರ್ನರ್ ಪದವಿ ಕಳೆದುಕೊಂಡು ಅದನ್ನು ಮರಳಿ ಪಡೆಯಲು ಸುಮಾರು 130 ಮಂದಿಯೊಡನೆ ದೋಣಿಗಳಲ್ಲಿ ಬಂದಿದ್ದವನು. ಇನ್ನೊಂದರ ಮುಂದಾಳು ಕ್ಯಾಪ್ಟನ್ ವಿಲಿಯಂ ಫುಲ್ಲರ್. ಅವನ ಹಿಂದೆ ಇಂಗ್ಲೆಂಡಿನ ಚರ್ಚನ್ನು ಇನ್ನಷ್ಟು ಶುದ್ಧಗೊಳಿಸಬೇಕೆನ್ನುತ್ತಿದ್ದ ಪ್ಯೂರಿಟನ್ ಪಂಥದ ರೈತರು, ಅವರ ಬೆಂಬಲಕ್ಕೆ ನದಿಯಲ್ಲಿ ಲಂಗರು ಹಾಕಿದ್ದ ‘ಗೋಲ್ಡನ್ ಲಯನ್’ ಎಂಬ ವ್ಯಾಪಾರಿ ಹಡಗಿನ ಫಿರಂಗಿಗಳು. ಸ್ಟೋನ್‌ನ ಜನ ತಮ್ಮ ರಾಜಧಾನಿ ಸೇಂಟ್ ಮೇರೀಸ್‌ನ ಹೆಸರನ್ನು ಕೂಗಿದರು, ಫುಲ್ಲರ್‌ನ ಜನ ದೇವರ ಹೆಸರನ್ನು ಕೂಗಿದರು. ಕಾಳಗ ಬಹಳ ಹೊತ್ತು ನಡೆಯಲಿಲ್ಲ. ಸ್ಟೋನ್ ಗಾಯಗೊಂಡು ಶರಣಾದ; ಅವನ ಕಡೆಯ ಸುಮಾರು ಹದಿನೇಳು ಮಂದಿ ಸತ್ತರು. ಪ್ರಾಣಭಿಕ್ಷೆಯ ಭರವಸೆಯ ಮೇಲೆ ಶರಣಾದವರಲ್ಲಿ ನಾಲ್ವರನ್ನು ಗೆದ್ದವರು ಆಮೇಲೆ ಕೊಂದರು.

ಈ ಕಾಳಗದಲ್ಲಿ ನನ್ನನ್ನು ಬಹಳವಾಗಿ ಕಾಡುವುದು ಗೆದ್ದವರ ಹಿನ್ನೆಲೆ. ಆ ಪ್ಯೂರಿಟನ್ನರು ಅಲ್ಲಿಗೆ ಬಂದು ಆರು ವರ್ಷವೂ ಆಗಿರಲಿಲ್ಲ. ಪಕ್ಕದ ವರ್ಜೀನಿಯಾದಲ್ಲಿ ಅವರ ಪ್ರಾರ್ಥನಾ ಪದ್ಧತಿಗೆ ಜಾಗವಿಲ್ಲವೆಂದಾದಾಗ ಅವರನ್ನು ಕರೆದು ಭೂಮಿ ಕೊಟ್ಟದ್ದು, ನಿಮ್ಮ ಧರ್ಮಾಚರಣೆಗೆ ಯಾರೂ ಅಡ್ಡಿಪಡಿಸುವುದಿಲ್ಲ ಎಂದು ಮಾತು ಕೊಟ್ಟದ್ದು ಮೇರಿಲ್ಯಾಂಡ್ ಸರ್ಕಾರ. ಆ ಮಾತನ್ನು ಕೊಟ್ಟ ಗವರ್ನರ್ ಇದೇ ಸ್ಟೋನ್. ಅವರಂತೆ ಅವನೂ ರೋಮ್‌ನ ಪೋಪ್‌ನನ್ನು ಒಪ್ಪದ ಪ್ರಾಟೆಸ್ಟೆಂಟ್ ಕ್ರೈಸ್ತನೇ. ಹಾಗಿದ್ದರೂ ಆಶ್ರಯ ಪಡೆದವರು ಆಶ್ರಯ ಕೊಟ್ಟವರ ಮೇಲೆಯೇ ಬಂದೂಕು ಎತ್ತಿದರು, ಅಧಿಕಾರ ಕೈಗೆ ಬಂದೊಡನೆ ತಮಗೆ ನೆಲೆ ಕೊಟ್ಟ ಧರ್ಮಸ್ವಾತಂತ್ರ್ಯವನ್ನು ಇತರರಿಂದ ಕಿತ್ತುಕೊಂಡರು. ಇದನ್ನು ಕೃತಘ್ನತೆ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಹದಿನೇಳನೆಯ ಶತಮಾನದ ಇಂಗ್ಲಿಷರಿಗೆ ಧರ್ಮ ಎಂದರೆ ಏನಾಗಿತ್ತು ಎಂಬುದು ನಮಗೆ ತಿಳಿಯುವುದೇ ಇಲ್ಲ.

ಆ ಕಾಲದ ಇಂಗ್ಲೆಂಡಿನಲ್ಲಿ ಧರ್ಮ ಮನೆಯೊಳಗಿನ ಭಕ್ತಿಯ ವಿಷಯವಾಗಿರಲಿಲ್ಲ, ರಾಜನಿಷ್ಠೆಯ ವಿಷಯವಾಗಿತ್ತು. ಇದರ ಬುಡ ಇರುವುದು 1534ರಲ್ಲಿ. ರಾಣಿ ಕ್ಯಾಥರೀನಳೊಡನೆ ತನ್ನ ಮದುವೆಯನ್ನು ಪೋಪ್ ರದ್ದು ಮಾಡಲಿಲ್ಲವೆಂದು ಎಂಟನೆಯ ಹೆನ್ರಿ ರೋಮ್‌ನೊಂದಿಗಿನ ನಂಟು ಕಡಿದುಕೊಂಡ. ಇಂಗ್ಲೆಂಡಿನ ಚರ್ಚಿಗೆ ದೊರೆಯೇ ಪರಮಾಧಿಕಾರಿ ಎಂದು ಪಾರ್ಲಿಮೆಂಟಿನಲ್ಲಿ ಶಾಸನ ಮಾಡಿಸಿದ. ಅಲ್ಲಿಂದ ಮುಂದೆ ಪೋಪ್‌ನನ್ನು ಒಪ್ಪುವುದೆಂದರೆ ದೊರೆಯ ಅಧಿಕಾರದ ಒಂದು ಭಾಗವನ್ನು ನಿರಾಕರಿಸಿದಂತೆಯೇ. ಮಠಗಳನ್ನು ಮುಚ್ಚಿದಾಗ 1536ರಲ್ಲಿ ಯಾರ್ಕ್‌ಷೈರ್‌ನ ಜನ ರಾಬರ್ಟ್ ಆಸ್ಕ್ ಎಂಬ ವಕೀಲನ ಹಿಂದೆ ನಡೆದರು. ತಾವು ದೊರೆಯ ವಿರೋಧಿಗಳಲ್ಲ, ಯಾತ್ರಿಕರು ಎಂದು ಅವರು ಹೇಳಿಕೊಂಡರು. ಮರುವರ್ಷ ಆಸ್ಕ್‌ನನ್ನು ಯಾರ್ಕ್ ನಗರದಲ್ಲಿ ಕೊಲ್ಲಲಾಯಿತು. ಹೆನ್ರಿಯ ಮಗ ಆರನೆಯ ಎಡ್ವರ್ಡನ ಕಾಲದಲ್ಲಿ, 1549ರಲ್ಲಿ, ಲ್ಯಾಟಿನ್ ಪೂಜೆಯ ಬದಲು ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯವಾಯಿತು. ಅದಕ್ಕೆ ಡೆವನ್ ಮತ್ತು ಕಾರ್ನ್‌ವಾಲ್ ಪ್ರಾಂತಗಳು ದಂಗೆ ಎದ್ದು ಎಕ್ಸೆಟರ್ ನಗರಕ್ಕೆ ಮುತ್ತಿಗೆ ಹಾಕಿದವು. ಆಮೇಲೆ ಬಂದ ಕ್ಯಾಥೊಲಿಕ್ ರಾಣಿ ಮೇರಿ ಐದು ವರ್ಷದ ಆಳ್ವಿಕೆಯಲ್ಲಿ ಸುಮಾರು 280 ಪ್ರಾಟೆಸ್ಟೆಂಟರನ್ನು ಜೀವಂತ ಸುಡಿಸಿದಳು.

ಎಲಿಜಬೆತ್ ಬಂದ ಮೇಲೆ ಗಡಿಯಾರದ ಮುಳ್ಳು ಮತ್ತೆ ಪ್ರಾಟೆಸ್ಟೆಂಟ್ ಕಡೆಗೆ ಹೊರಳಿತು. 1559ರ ಕಾನೂನಿನಂತೆ ಭಾನುವಾರ ಚರ್ಚಿಗೆ ಬಾರದವನಿಗೆ 12 ಪೆನ್ಸ್ ದಂಡ. 1570ರಲ್ಲಿ ಪೋಪ್ ಐದನೆಯ ಪಯಸ್ ಅವಳನ್ನು ಬಹಿಷ್ಕರಿಸಿ, ಅವಳ ಆಜ್ಞೆ ಪಾಲಿಸಬೇಕಿಲ್ಲ ಎಂದು ಇಂಗ್ಲೆಂಡಿನ ಪ್ರಜೆಗಳಿಗೆ ಸಾರಿದ. ಈ ಒಂದು ಆಜ್ಞೆ ಇಂಗ್ಲಿಷ್ ಕ್ಯಾಥೊಲಿಕರಿಗೆ ಮಾಡಿದಷ್ಟು ಹಾನಿಯನ್ನು ಬೇರಾವುದೂ ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹೊಲ ಉತ್ತುಕೊಂಡು, ತೆರಿಗೆ ಕಟ್ಟಿಕೊಂಡು, ಹಳೆಯ ರೀತಿಯಲ್ಲಿ ಜಪ ಮಾಡಿಕೊಂಡಿದ್ದ ಹಳ್ಳಿಯ ಕ್ಯಾಥೊಲಿಕನೂ ಅಂದಿನಿಂದ ಸಂಭಾವ್ಯ ರಾಜದ್ರೋಹಿಯಾದ. 1581ರಲ್ಲಿ ಚರ್ಚಿಗೆ ಬಾರದವರ ದಂಡ ತಿಂಗಳಿಗೆ 20 ಪೌಂಡಿಗೇರಿತು. ಕೂಲಿಯವನೊಬ್ಬ ವರ್ಷವಿಡೀ ದುಡಿದರೂ ಅಷ್ಟು ಹಣ ಕಾಣುತ್ತಿರಲಿಲ್ಲ. 1585ರಿಂದ ವಿದೇಶದಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿಗೆ ಕಾಲಿಡುವುದೇ ಮರಣದಂಡನೆಗೆ ತಕ್ಕ ರಾಜದ್ರೋಹವಾಯಿತು. 1588ರಲ್ಲಿ ಸ್ಪೇನ್‌ನ ನೌಕಾಪಡೆ ದಂಡೆತ್ತಿ ಬಂದದ್ದು, 1605ರಲ್ಲಿ ರಾಬರ್ಟ್ ಕೇಟ್ಸ್‌ಬಿಯ ಗುಂಪು ಪಾರ್ಲಿಮೆಂಟಿನ ನೆಲಮಾಳಿಗೆಯಲ್ಲಿ ಮದ್ದಿನ ಪೀಪಾಯಿಗಳನ್ನಿಟ್ಟು ಸಿಕ್ಕಿಬಿದ್ದದ್ದು, ಎರಡೂ ಈ ಸಂಶಯಕ್ಕೆ ಸಾಕ್ಷಿಯನ್ನೇ ಒದಗಿಸಿದವು. ಕ್ಯಾಥೊಲಿಕರ ಬಗೆಗಿನ ಭಯ ಅತಿರೇಕಕ್ಕೆ ಹೋಗಿತ್ತು ಎನ್ನುವುದು ನಿಜ. ಅದು ಸುಮ್ಮನೆ ಹುಟ್ಟಿದ ಭಯವಲ್ಲ ಎನ್ನುವುದೂ ಅಷ್ಟೇ ನಿಜ.

ಇನ್ನೊಂದು ಬಣ ಪ್ಯೂರಿಟನ್ನರದು. ಇಂಗ್ಲೆಂಡಿನ ಚರ್ಚು ಅರ್ಧ ದಾರಿಯಲ್ಲಿ ನಿಂತುಬಿಟ್ಟಿದೆ, ಬಿಷಪ್ಪರು, ನಿಲುವಂಗಿಗಳು, ವೇದಿಕೆಯ ಮುಂದೆ ಬಾಗುವುದು ಇವೆಲ್ಲ ರೋಮ್‌ನ ಉಳಿಕೆಗಳು ಎಂದು ನಂಬಿದ್ದವರು ಇವರು. 1633ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ವಿಲಿಯಂ ಲಾಡ್ ಆ ಉಳಿಕೆಗಳನ್ನು ಕಡಿಮೆ ಮಾಡುವ ಬದಲು ಬಿಗಿಗೊಳಿಸಿದ. ದೊರೆ ಮೊದಲನೆಯ ಚಾರ್ಲ್ಸ್ ಅವನ ಬೆನ್ನಿಗಿದ್ದ. ದೊರೆಯ ಹೆಂಡತಿ ಹೆನ್ರಿಯೆಟಾ ಮರಿಯಾ ಫ್ರಾನ್ಸಿನ ಕ್ಯಾಥೊಲಿಕ್ ರಾಜಕುಮಾರಿ. ಅರಮನೆಯಲ್ಲೇ ಕ್ಯಾಥೊಲಿಕರ ಬಲಿಪೂಜೆ (ಮಾಸ್) ನಡೆಯುತ್ತಿದೆ, ದೊರೆ ಪಾರ್ಲಿಮೆಂಟನ್ನೇ ಕರೆಯುತ್ತಿಲ್ಲ ಎಂದಾಗ ಪ್ಯೂರಿಟನ್ನರ ಮನಸ್ಸಿನಲ್ಲಿ ನಿರಂಕುಶಾಧಿಕಾರವೂ ಕ್ಯಾಥೊಲಿಕ್ ಧರ್ಮವೂ ಒಂದೇ ಪಿತೂರಿಯ ಎರಡು ಮುಖಗಳಾಗಿ ಕಂಡವು. ಸೆವೆರ್ನ್ ನದಿಯ ದಂಡೆಯಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಈ ಒಂದು ಸಮೀಕರಣವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ಯಾಥೊಲಿಕ್ ಒಡೆಯ, ಪ್ರಾಟೆಸ್ಟೆಂಟ್ ಪ್ರಜೆಗಳು

ಜಾರ್ಜ್ ಕಾಲ್ವರ್ಟ್ ಯಾರ್ಕ್‌ಷೈರ್‌ನವನು, ಮೊದಲನೆಯ ಜೇಮ್ಸ್ ದೊರೆಯ ಆಡಳಿತದಲ್ಲಿ ಕಾರ್ಯದರ್ಶಿಯ ದೊಡ್ಡ ಹುದ್ದೆಗೇರಿದವನು. 1625ರಲ್ಲಿ ತಾನು ಕ್ಯಾಥೊಲಿಕ್ ಎಂದು ಬಹಿರಂಗಪಡಿಸಿ ಹುದ್ದೆ ಬಿಟ್ಟ. ದೊರೆ ಕೋಪಿಸಿಕೊಳ್ಳಲಿಲ್ಲ, ಐರ್ಲೆಂಡಿನಲ್ಲಿ ಬಾಲ್ಟಿಮೋರ್ ಬ್ಯಾರನ್ ಎಂಬ ಬಿರುದನ್ನು ಕೊಟ್ಟ. ಕಾಲ್ವರ್ಟ್ ನ್ಯೂಫೌಂಡ್‌ಲ್ಯಾಂಡಿನಲ್ಲಿ ಒಂದು ವಸಾಹತು ಕಟ್ಟಲು ಹೋಗಿ ಅಲ್ಲಿಯ ಚಳಿಗಾಲಕ್ಕೆ ಸೋತ. 1629ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ಗೆ ಬಂದಾಗ, ಚರ್ಚಿಗೆ ದೊರೆಯೇ ಒಡೆಯ ಎಂಬ ಪ್ರಮಾಣವನ್ನು ಸ್ವೀಕರಿಸು ಎಂದು ಅಲ್ಲಿಯವರು ಪಟ್ಟು ಹಿಡಿದರು. ಅವನು ಒಪ್ಪಲಿಲ್ಲ, ಇಂಗ್ಲೆಂಡಿಗೆ ಮರಳಿದ. ಚೆಸಪೀಕ್ ಕೊಲ್ಲಿಯ ಉತ್ತರದ ನೆಲಕ್ಕಾಗಿ ದೊರೆಯಿಂದ ಸನ್ನದು ಕೇಳಿ, ಅದು ಕೈಸೇರುವ ಮೊದಲೇ 1632ರ ಏಪ್ರಿಲ್‌ನಲ್ಲಿ ತೀರಿಕೊಂಡ. ಜೂನ್ 20ರಂದು ಸನ್ನದು ಬಂದದ್ದು ಮಗ ಸಿಸಿಲ್ ಕಾಲ್ವರ್ಟ್ ಹೆಸರಿಗೆ. ರಾಣಿ ಹೆನ್ರಿಯೆಟಾ ಮರಿಯಾಳ ಗೌರವಾರ್ಥ ಆ ನೆಲಕ್ಕೆ ಮೇರಿಲ್ಯಾಂಡ್ ಎಂದು ಹೆಸರಾಯಿತು.

ಸನ್ನದಿನಲ್ಲಿ ಸಿಸಿಲ್‌ಗೆ ದೊರೆತ ಅಧಿಕಾರ ಅಸಾಧಾರಣವಾದುದು. ಭೂಮಿ ಹಂಚುವುದು, ನ್ಯಾಯಾಲಯ ಸ್ಥಾಪಿಸುವುದು, ಅಧಿಕಾರಿಗಳನ್ನು ನೇಮಿಸುವುದು, ಸೈನ್ಯ ಕೂಡಿಸುವುದು ಎಲ್ಲವೂ ಅವನ ಕೈಯಲ್ಲಿ. ಪ್ರತಿಯಾಗಿ ದೊರೆಗೆ ವರ್ಷಕ್ಕೆ ಎರಡು ಬಾಣಗಳನ್ನು ವಿಂಡ್ಸರ್ ಕೋಟೆಯಲ್ಲಿ ಒಪ್ಪಿಸಬೇಕು, ಚಿನ್ನ ಬೆಳ್ಳಿ ಸಿಕ್ಕಿದರೆ ಐದನೆಯ ಒಂದು ಪಾಲು ಕೊಡಬೇಕು. ವಿಜಯನಗರದ ಅರಸರಿಗೆ ಕಾಣಿಕೆ ಕಟ್ಟಿ ತಮ್ಮ ಸೀಮೆಯನ್ನು ತಾವೇ ಆಳಿಕೊಂಡಿದ್ದ ಪಾಳೆಯಗಾರರ ಸ್ಥಾನವನ್ನು ಕಲ್ಪಿಸಿಕೊಂಡರೆ ಸಿಸಿಲ್‌ನ ಸ್ಥಾನ ಹೆಚ್ಚುಕಡಿಮೆ ಅರಿವಿಗೆ ಬರುತ್ತದೆ. ಒಂದು ಮಿತಿ ಮಾತ್ರ ಇತ್ತು: ಕಾನೂನುಗಳನ್ನು ಅಲ್ಲಿಯ ಸ್ವತಂತ್ರ ನಿವಾಸಿಗಳ ಸಮ್ಮತಿಯಿಂದ ಮಾಡಬೇಕು. ಮುಂದಿನ ಅರವತ್ತು ವರ್ಷಗಳ ಜಗಳವೆಲ್ಲ ಈ ಅಪಾರ ಅಧಿಕಾರಕ್ಕೂ ಈ ಸಣ್ಣ ಮಿತಿಗೂ ನಡುವಿನ ಎಳೆದಾಟವೇ.

1633ರ ನವೆಂಬರ್‌ನಲ್ಲಿ ‘ಆರ್ಕ್’ ಮತ್ತು ‘ಡವ್’ ಎಂಬ ಎರಡು ಹಡಗುಗಳು ಹೊರಟವು. ಬಂಡವಾಳ ಹೂಡಿದ ಗಣ್ಯರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅವರೊಡನೆ ಬಂದ ಕರಾರಿನ ಆಳುಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಹಡಗು ಹೊರಡುವ ಮುನ್ನ ಸಿಸಿಲ್ ತನ್ನ ತಮ್ಮ ಲಿಯನಾರ್ಡ್‌ಗೆ ಬರೆದುಕೊಟ್ಟ ಸೂಚನೆಗಳಲ್ಲಿ ಮೊದಲನೆಯದೇ ಧರ್ಮದ ಬಗ್ಗೆ. ಕ್ಯಾಥೊಲಿಕರು ತಮ್ಮ ಆಚರಣೆಗಳನ್ನು ಆದಷ್ಟು ಖಾಸಗಿಯಾಗಿ ನಡೆಸಬೇಕು, ಧರ್ಮದ ಚರ್ಚೆ ಬಂದಾಗ ಮೌನವಾಗಿರಬೇಕು, ಪ್ರಾಟೆಸ್ಟೆಂಟರು ದೂರುವುದಕ್ಕೆ ಯಾವ ಕಾರಣವೂ ಇರಬಾರದು. 1634ರ ಮಾರ್ಚ್ 25ರಂದು ಪೊಟೊಮ್ಯಾಕ್ ನದಿಯ ಸೇಂಟ್ ಕ್ಲೆಮೆಂಟ್ ದ್ವೀಪದಲ್ಲಿ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಆ್ಯಂಡ್ರೂ ವೈಟ್ ಬಲಿಪೂಜೆ ಅರ್ಪಿಸಿದ. ಬಳಿಕ ಯಾವೊಕೊಮಿಕೊ ಎಂಬ ಮೂಲನಿವಾಸಿಗಳಿಂದ ನೆಲ ಪಡೆದು ಸೇಂಟ್ ಮೇರೀಸ್ ಪಟ್ಟಣ ಕಟ್ಟಿದರು.

ಸಿಸಿಲ್‌ನ ಸಹಿಷ್ಣುತೆಯನ್ನು ಅರ್ಥ ಮಾಡಿಕೊಳ್ಳುವಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಅವನು ಕಾಲಕ್ಕಿಂತ ಮುಂದಿದ್ದ ಮಹಾ ಉದಾರಿ ಎಂದು ಕೆಲವರು ಹೊಗಳುತ್ತಾರೆ. ಬರೀ ವ್ಯಾಪಾರಿ, ಹೊಗೆಸೊಪ್ಪು ಬೆಳೆಸಲು ಜನ ಬೇಕಿತ್ತು ಅಷ್ಟೇ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಕಾಣುವಂತೆ ಅದು ದುರ್ಬಲ ಸ್ಥಾನದಲ್ಲಿದ್ದವನೊಬ್ಬ ಎಚ್ಚರದಿಂದ ಕಟ್ಟಿದ ವ್ಯವಸ್ಥೆ. ತನ್ನ ಧರ್ಮ ಇಂಗ್ಲೆಂಡಿನಲ್ಲಿ ನಿಷಿದ್ಧ, ತನ್ನ ವಸಾಹತಿನಲ್ಲೇ ತನ್ನವರು ಅಲ್ಪಸಂಖ್ಯಾತರು, ತನ್ನ ಸನ್ನದು ಲಂಡನ್ನಿನ ಒಂದು ಸಹಿಗೆ ರದ್ದಾಗಬಹುದು ಎಂಬುದೆಲ್ಲ ಅವನಿಗೆ ತಿಳಿದಿತ್ತು. ಹಾಗಾಗಿ ಧರ್ಮದ ವಿಷಯದಲ್ಲಿ ಸರ್ಕಾರ ಬಾಯಿ ಮುಚ್ಚಿಕೊಂಡಿರುವುದೇ ಉಳಿವಿನ ದಾರಿ. ಆದರೆ ಆ ನಿಲುವನ್ನು ಅವನು ತನ್ನವರ ವಿರುದ್ಧವೂ ಜಾರಿಗೊಳಿಸಿದ. ಅವನ ಬಗ್ಗೆ ನನಗೆ ಗೌರವ ಮೂಡುವುದು ಅಲ್ಲಿಯೇ. 1638ರಲ್ಲಿ ವಿಲಿಯಂ ಲೂಯಿಸ್ ಎಂಬ ಕ್ಯಾಥೊಲಿಕ್ ಮೇಲ್ವಿಚಾರಕ, ಪ್ರಾಟೆಸ್ಟೆಂಟ್ ಪ್ರವಚನಗಳನ್ನು ಗಟ್ಟಿಯಾಗಿ ಓದುತ್ತಿದ್ದ ಆಳುಗಳನ್ನು ಬೈದು ತಡೆದದ್ದಕ್ಕೆ ಕ್ಯಾಥೊಲಿಕ್ ನ್ಯಾಯಾಧೀಶರೇ 500 ಪೌಂಡ್ ಹೊಗೆಸೊಪ್ಪಿನ ದಂಡ ಹಾಕಿದರು. ಅಲ್ಲಿ ನಾಣ್ಯ ವಿರಳ, ಹೊಗೆಸೊಪ್ಪೇ ಹಣ. 1642ರಲ್ಲಿ ಪ್ರಾಟೆಸ್ಟೆಂಟರ ಪ್ರಾರ್ಥನಾ ಮಂದಿರದ ಬೀಗದ ಕೈ ಮತ್ತು ಪುಸ್ತಕಗಳನ್ನು ಎತ್ತಿಕೊಂಡು ಹೋದ ಥಾಮಸ್ ಜೆರಾರ್ಡ್ ಎಂಬ ಕ್ಯಾಥೊಲಿಕ್ ಜಮೀನುದಾರನಿಗೂ ಅಷ್ಟೇ ದಂಡ. ಜೆಸ್ಯೂಟರು ಮೂಲನಿವಾಸಿಗಳಿಂದ ನೇರವಾಗಿ ಭೂಮಿ ಪಡೆದಾಗ ಅವರೊಡನೆಯೂ ಸಿಸಿಲ್ ವರ್ಷಗಟ್ಟಲೆ ಜಗಳವಾಡಿದ.

ಧರ್ಮದ ಹೊರಗಿನ ವೈರಗಳೂ ಇದ್ದವು. ವರ್ಜೀನಿಯಾದ ವಿಲಿಯಂ ಕ್ಲೇಬೋರ್ನ್ 1631ರಲ್ಲೇ ಕೊಲ್ಲಿಯ ಕೆಂಟ್ ದ್ವೀಪದಲ್ಲಿ ತುಪ್ಪಳ ವ್ಯಾಪಾರದ ಠಾಣೆ ಹೂಡಿದ್ದ. ಮರುವರ್ಷ ಬಂದ ಸನ್ನದು ಆ ದ್ವೀಪವನ್ನೂ ಕಾಲ್ವರ್ಟರಿಗೆ ಬರೆದುಕೊಟ್ಟಿತ್ತು. 1635ರಲ್ಲಿ ಎರಡು ಕಡೆಯ ದೋಣಿಗಳು ಗುಂಡು ಹಾರಿಸಿಕೊಂಡವು, 1638ರಲ್ಲಿ ಲಿಯನಾರ್ಡ್ ದ್ವೀಪವನ್ನು ವಶಪಡಿಸಿಕೊಂಡ. ಕ್ಲೇಬೋರ್ನ್ ಈ ನಷ್ಟವನ್ನು ಎಂದೂ ಮರೆಯಲಿಲ್ಲ.

ಇಂಗ್ಲೆಂಡ್ ಹೊತ್ತಿಕೊಂಡಾಗ

1637ರಲ್ಲಿ ಚಾರ್ಲ್ಸ್ ಮತ್ತು ಲಾಡ್ ಸ್ಕಾಟ್ಲೆಂಡಿನ ಮೇಲೂ ಹೊಸ ಪ್ರಾರ್ಥನಾ ಪುಸ್ತಕವನ್ನು ಹೇರಿದರು. ಎಡಿನ್‌ಬರೋ ನಗರದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಅದನ್ನು ಓದಲು ತೊಡಗಿದೊಡನೆ ಗಲಭೆಯಾಯಿತು. ಸ್ಕಾಟರು ಒಡಂಬಡಿಕೆ ಬರೆದು ಸೈನ್ಯ ಕಟ್ಟಿದರು. ಅವರನ್ನು ಎದುರಿಸಲು ಹಣ ಬೇಕಾಗಿ ಚಾರ್ಲ್ಸ್ ಹನ್ನೊಂದು ವರ್ಷ ಕರೆಯದಿದ್ದ ಪಾರ್ಲಿಮೆಂಟನ್ನು 1640ರಲ್ಲಿ ಕರೆಯಲೇಬೇಕಾಯಿತು. ಪಾರ್ಲಿಮೆಂಟು ಹಣದ ಬದಲು ದೂರುಗಳ ಪಟ್ಟಿಯನ್ನು ಮುಂದಿಟ್ಟಿತು. 1641ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಕ್ಯಾಥೊಲಿಕರು ದಂಗೆ ಎದ್ದಾಗ ಪ್ರಾಟೆಸ್ಟೆಂಟ್ ವಲಸಿಗರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಲಂಡನ್ನಿನ ಕರಪತ್ರಗಳಲ್ಲಿ ಆ ಸಂಖ್ಯೆ ಲಕ್ಷಗಳಿಗೇರಿತು. ಈ ದಂಗೆಯನ್ನು ಅಡಗಿಸುವ ಸೈನ್ಯವನ್ನು ದೊರೆಯ ಕೈಗೆ ಕೊಡುವುದೋ ಬೇಡವೋ ಎಂಬ ಪ್ರಶ್ನೆಗೆ ಒಪ್ಪಿಗೆಯ ಉತ್ತರ ಸಿಗಲಿಲ್ಲ. 1642ರ ಆಗಸ್ಟ್ 22ರಂದು ಚಾರ್ಲ್ಸ್ ನಾಟಿಂಗ್‌ಹ್ಯಾಮ್‌ನಲ್ಲಿ ಯುದ್ಧದ ಧ್ವಜ ಏರಿಸಿದ.

ಯುದ್ಧ ಅಟ್ಲಾಂಟಿಕ್ ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ. ರಿಚರ್ಡ್ ಇಂಗಲ್ ಎಂಬ ಹಡಗಿನ ನಾಯಕ ಪ್ರತಿವರ್ಷ ಮೇರಿಲ್ಯಾಂಡಿಗೆ ಬಂದು ಸರಕು ಕೊಟ್ಟು ಹೊಗೆಸೊಪ್ಪು ಕೊಂಡೊಯ್ಯುತ್ತಿದ್ದವನು, ಪಾರ್ಲಿಮೆಂಟಿನ ಪಕ್ಷದವನು. ದೊರೆಯ ವಿರುದ್ಧ ಮಾತನಾಡಿದನೆಂದು 1644ರಲ್ಲಿ ಸೇಂಟ್ ಮೇರೀಸ್‌ನಲ್ಲಿ ಅವನನ್ನು ಬಂಧಿಸಿದರು. ಅವನು ಹೇಗೋ ತಪ್ಪಿಸಿಕೊಂಡ. 1645ರ ಫೆಬ್ರವರಿಯಲ್ಲಿ ‘ರಿಫಾರ್ಮೇಶನ್’ ಎಂಬ ಹಡಗಿನಲ್ಲಿ, ದೊರೆಯ ಪಕ್ಷದವರ ಹಡಗುಗಳನ್ನು ಹಿಡಿಯಲು ಪಾರ್ಲಿಮೆಂಟಿನ ಪರವಾನಗಿ ಹಿಡಿದು ಮರಳಿದ. ಕ್ಯಾಥೊಲಿಕರ ಮನೆಗಳನ್ನು ಸೂರೆ ಮಾಡಿದ. ಲಿಯನಾರ್ಡ್ ವರ್ಜೀನಿಯಾಕ್ಕೆ ಓಡಿದ. ಜನ ಊರು ಬಿಟ್ಟರು. ವಸಾಹತು ಬಹುತೇಕ ಬರಿದಾಯಿತು. ಪಾದ್ರಿ ವೈಟ್ ಮತ್ತು ಅವನ ಸಂಗಡಿಗ ಥಾಮಸ್ ಕಾಪ್ಲಿಯನ್ನು ಸಂಕೋಲೆ ಹಾಕಿ ಇಂಗ್ಲೆಂಡಿಗೆ ಸಾಗಿಸಿ, 1585ರ ಕಾನೂನಿನ ಪ್ರಕಾರ ದೇಶಕ್ಕೆ ಕಾಲಿಟ್ಟ ಪಾದ್ರಿಗಳೆಂದು ವಿಚಾರಣೆಗೆ ನಿಲ್ಲಿಸಿದರು. ನಾವು ನಮ್ಮ ಇಚ್ಛೆಯಿಂದ ಬರಲಿಲ್ಲ, ನಮ್ಮನ್ನು ಎಳೆದು ತಂದಿದ್ದಾರೆ ಎಂಬ ವಾದ ಅವರ ಪ್ರಾಣ ಉಳಿಸಿತು.

ಲಿಯನಾರ್ಡ್ ಬಾಡಿಗೆ ಸೈನಿಕರೊಡನೆ 1646ರ ಕೊನೆಗೆ ಊರನ್ನು ಮರಳಿ ಪಡೆದ, ಮರುವರ್ಷ ಜೂನ್‌ನಲ್ಲಿ ಸತ್ತ. ಸೈನಿಕರ ಸಂಬಳ ಬಾಕಿ ಇತ್ತು. ಅವರು ತಿರುಗಿಬಿದ್ದಿದ್ದರೆ ಮೇರಿಲ್ಯಾಂಡ್ ಅಲ್ಲಿಗೇ ಮುಗಿಯುತ್ತಿತ್ತು. ಲಿಯನಾರ್ಡ್ ತನ್ನ ಆಸ್ತಿಯ ಹೊಣೆಯನ್ನು ಮಾರ್ಗರೆಟ್ ಬ್ರೆಂಟ್ ಎಂಬ ಅವಿವಾಹಿತ ಕ್ಯಾಥೊಲಿಕ್ ಜಮೀನುದಾರಳಿಗೆ ಒಪ್ಪಿಸಿದ್ದ. ಆಕೆ ಸಿಸಿಲ್‌ನ ದನಗಳನ್ನೇ ಮಾರಿ ಸೈನಿಕರ ಬಾಯಿ ಮುಚ್ಚಿಸಿದಳು. 1648ರ ಜನವರಿಯಲ್ಲಿ ಶಾಸನಸಭೆಗೆ ಹೋಗಿ, ಜಮೀನುದಾರಳಾಗಿ ಒಂದು, ಒಡೆಯನ ಪ್ರತಿನಿಧಿಯಾಗಿ ಒಂದು, ತನಗೆ ಎರಡು ಮತ ಬೇಕೆಂದು ಕೇಳಿದಳು. ಸಭೆ ಕೊಡಲಿಲ್ಲ. ದನ ಮಾರಿದ್ದಕ್ಕೆ ಸಿಸಿಲ್ ಲಂಡನ್ನಿನಿಂದ ಸಿಟ್ಟಾಗಿ ಬರೆದಾಗ, ಈಕೆಯ ಕೈಯಲ್ಲಿ ವಸಾಹತು ಉಳಿದಂತೆ ಬೇರೆ ಯಾರ ಕೈಯಲ್ಲೂ ಉಳಿಯುತ್ತಿರಲಿಲ್ಲ ಎಂದು ಅದೇ ಸಭೆ ಉತ್ತರ ಕೊಟ್ಟಿತು. ಯುದ್ಧದ ಕಥೆಗಳಲ್ಲಿ ಇಂಥವರಿಗೆ ಸಿಗಬೇಕಾದಷ್ಟು ಜಾಗ ಸಿಗುವುದಿಲ್ಲ. ಹಾಗಾಗಿ ಇಷ್ಟು ಬರೆದೆ.

ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಗೆಲ್ಲುತ್ತಿದೆ ಎಂದು ಕಂಡ ಸಿಸಿಲ್ 1648ರಲ್ಲಿ ಪ್ರಾಟೆಸ್ಟೆಂಟನಾದ ವಿಲಿಯಂ ಸ್ಟೋನ್‌ನನ್ನು ಗವರ್ನರ್ ಮಾಡಿದ. ವರ್ಜೀನಿಯಾದಿಂದ ಪ್ಯೂರಿಟನ್ನರನ್ನು ಕರೆಸಿ ಸೆವೆರ್ನ್ ನದಿಯ ಬಳಿ ನೆಲೆಗೊಳಿಸಿದ್ದು ಆಗಲೇ. ಅವರು ತಮ್ಮ ಊರನ್ನು ಪ್ರಾವಿಡೆನ್ಸ್ ಎಂದು ಕರೆದರು. 1649ರ ಜನವರಿ 30ರಂದು ಲಂಡನ್ನಿನಲ್ಲಿ ದೊರೆಯ ತಲೆ ಉರುಳಿತು. ಏಪ್ರಿಲ್ 21ರಂದು ಸೇಂಟ್ ಮೇರೀಸ್‌ನ ಶಾಸನಸಭೆ ಧರ್ಮದ ಕುರಿತ ಪ್ರಸಿದ್ಧ ಕಾನೂನನ್ನು ಅಂಗೀಕರಿಸಿತು.

ಈ ಕಾನೂನನ್ನು ನಿಧಾನವಾಗಿ ಓದಬೇಕು, ಏಕೆಂದರೆ ಅದರ ಮೊದಲ ಭಾಗ ಇಂದಿನ ಓದುಗರನ್ನು ಬೆಚ್ಚಿಬೀಳಿಸುತ್ತದೆ. ಯೇಸುವನ್ನು ದೇವಪುತ್ರನೆಂದು ಒಪ್ಪದವನಿಗೆ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರೆಂಬ ತ್ರಿತ್ವವನ್ನು ನಿರಾಕರಿಸಿದವನಿಗೆ ಮರಣದಂಡನೆ ಮತ್ತು ಆಸ್ತಿ ಮುಟ್ಟುಗೋಲು. ಅಂದರೆ ಯಹೂದಿಗಳಿಗೂ ನಾಸ್ತಿಕರಿಗೂ ಇಲ್ಲಿ ರಕ್ಷಣೆ ಇಲ್ಲ. ಮುಂದಿನ ಭಾಗ ಅಂದಿನ ಬೀದಿಜಗಳಗಳ ಬಗ್ಗೆ. ಪಾಷಂಡಿ, ವಿಗ್ರಹಾರಾಧಕ, ಪ್ಯೂರಿಟನ್, ಪೋಪನ ಪಾದ್ರಿ, ಜೆಸ್ಯೂಟ್, ಲೂಥರನ್, ಕ್ಯಾಲ್ವಿನಿಸ್ಟ್, ಬ್ರೌನಿಸ್ಟ್, ರೌಂಡ್‌ಹೆಡ್ ಎಂದೆಲ್ಲ ಒಬ್ಬರನ್ನೊಬ್ಬರು ಹೀಯಾಳಿಸಿ ಕರೆದರೆ 10 ಷಿಲಿಂಗ್ ದಂಡ, ಅದರಲ್ಲಿ ಅರ್ಧ ಬೈಸಿಕೊಂಡವನಿಗೆ. ದಂಡ ಕೊಡಲಾಗದವನಿಗೆ ಚಾಟಿಯೇಟು ಮತ್ತು ಸೆರೆ, ನೊಂದವನು ತೃಪ್ತನಾಗುವಂತೆ ಬಹಿರಂಗವಾಗಿ ಕ್ಷಮೆ ಕೇಳುವವರೆಗೆ. ಕೊನೆಗೆ ಮುಖ್ಯವಾದ ಮಾತು: ಯೇಸುವನ್ನು ನಂಬುವ ಯಾರನ್ನೂ ಅವರ ಧರ್ಮದ ಕಾರಣಕ್ಕೆ ಪೀಡಿಸಬಾರದು, ಅದರ ಮುಕ್ತ ಆಚರಣೆಗೆ ಅಡ್ಡಿಪಡಿಸಬಾರದು, ಒಡೆಯನಿಗೆ ನಿಷ್ಠರಾಗಿದ್ದು ಸರ್ಕಾರದ ವಿರುದ್ಧ ಪಿತೂರಿ ಮಾಡದಿರುವವರೆಗೆ.

ಆ ಕೊನೆಯ ಷರತ್ತಿನಲ್ಲಿಯೇ ಬಿರುಕು ಇತ್ತು. ಪ್ಯೂರಿಟನ್ ರೈತನ ಸ್ಥಾನದಲ್ಲಿ ನಿಂತು ನೋಡಿ. ಇಂಗ್ಲೆಂಡಿನಲ್ಲಿ ಅವನ ಬಂಧುಗಳು ನಿರಂಕುಶ ದೊರೆಯ ವಿರುದ್ಧ ಯುದ್ಧ ಮಾಡಿ ಗೆದ್ದಿದ್ದಾರೆ. ಇಲ್ಲಿ ಅವನು ತನ್ನ ಹೊಲ ಉಳಿಸಿಕೊಳ್ಳಬೇಕಾದರೆ, ದೊರೆಯಂಥದೇ ಅಧಿಕಾರವುಳ್ಳ ಒಬ್ಬ ಕ್ಯಾಥೊಲಿಕ್ ಒಡೆಯನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಆ ಒಡೆಯ ಸಮುದ್ರದಾಚೆ ಇದ್ದಾನೆ, ಮೇರಿಲ್ಯಾಂಡನ್ನು ಎಂದೂ ಕಂಡಿಲ್ಲ, 1675ರಲ್ಲಿ ಸಾಯುವವರೆಗೂ ಕಾಣಲಿಲ್ಲ. ಅವನ ಸಹಿಷ್ಣುತೆ ಒಂದು ಕೃಪೆ; ಕೊಟ್ಟ ಕೈ ಹಿಂತೆಗೆದುಕೊಳ್ಳಬಹುದು. ಇದರ ಮೇಲೆ 1649ರ ನವೆಂಬರಿನಲ್ಲಿ, ಸ್ಟೋನ್ ಊರಲ್ಲಿ ಇಲ್ಲದಿದ್ದಾಗ, ಹಂಗಾಮಿ ಗವರ್ನರ್ ಆಗಿದ್ದ ಕ್ಯಾಥೊಲಿಕ್ ಥಾಮಸ್ ಗ್ರೀನ್, ಸತ್ತ ದೊರೆಯ ಮಗ ಎರಡನೆಯ ಚಾರ್ಲ್ಸ್‌ನನ್ನು ದೊರೆಯೆಂದು ಸಾರಿಬಿಟ್ಟ. ಪ್ಯೂರಿಟನ್ನರ ಹಳೆಯ ಸಮೀಕರಣಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ.

ಲಂಡನ್ನಿನ ಹೊಸ ಸರ್ಕಾರ ಚೆಸಪೀಕ್ ಸೀಮೆಯನ್ನು ಹತೋಟಿಗೆ ತರಲು ಆಯುಕ್ತರನ್ನು ನೇಮಿಸಿತು. ಅವರಲ್ಲಿ ಒಬ್ಬ, ಹಿಂದೆ ಕೆಂಟ್ ದ್ವೀಪ ಕಳೆದುಕೊಂಡ ಕ್ಲೇಬೋರ್ನ್. ಇನ್ನೊಬ್ಬ ವರ್ಜೀನಿಯಾದ ಪ್ಯೂರಿಟನ್ ರಿಚರ್ಡ್ ಬೆನೆಟ್. 1652ರಲ್ಲಿ ಅವರು ಸ್ಟೋನ್‌ನನ್ನು ಇಳಿಸಿ ಮತ್ತೆ ಕೂರಿಸಿದರು; 1654ರಲ್ಲಿ ಅವನು ಸಿಸಿಲ್‌ನ ಆಜ್ಞೆಯಂತೆ ಒಡೆಯನ ಹೆಸರಿನಲ್ಲಿಯೇ ಪ್ರಮಾಣ ಬೇಕೆಂದಾಗ ಮತ್ತೆ ಇಳಿಸಿದರು. ಅದೇ ಅಕ್ಟೋಬರಿನಲ್ಲಿ ಸೇರಿದ ಪ್ಯೂರಿಟನ್ ಶಾಸನಸಭೆ ಹೊಸ ಕಾನೂನು ಮಾಡಿತು: ಕ್ಯಾಥೊಲಿಕರಿಗೆ ಈ ನೆಲದ ಕಾನೂನಿನ ರಕ್ಷಣೆ ಇಲ್ಲ, ಬಿಷಪ್ಪರನ್ನು ಒಪ್ಪುವವರ ಪದ್ಧತಿಗೂ ಸ್ವಾತಂತ್ರ್ಯ ಇಲ್ಲ. ಸ್ಟೋನ್ ಯಾಕೆ ಸುಮ್ಮನೆ ಶರಣಾದೆ ಎಂದು ಸಿಸಿಲ್ ಛೀಮಾರಿ ಹಾಕಿ ಬರೆದ ಪತ್ರವೇ ಅವನನ್ನು ಸೆವೆರ್ನ್ ದಂಡೆಗೆ ದೂಡಿತು. ಗೆದ್ದ ಪ್ಯೂರಿಟನ್ನರ ಮಂಡಳಿ ಸ್ಟೋನ್‌ಗೂ ಮರಣದಂಡನೆ ವಿಧಿಸಿತ್ತು; ಅವನನ್ನು ಉಳಿಸಿದ್ದು ಊರಿನ ಹೆಂಗಸರ ಮತ್ತು ಫುಲ್ಲರ್‌ನ ಸೈನಿಕರದೇ ಬೇಡಿಕೆ.

ಗೆಲುವು ಉಳಿಯಲಿಲ್ಲ. ಆಗ ಇಂಗ್ಲೆಂಡನ್ನು ಆಳುತ್ತಿದ್ದ ಪ್ಯೂರಿಟನ್ನರ ನಾಯಕ ಆಲಿವರ್ ಕ್ರಾಮ್‌ವೆಲ್ ತಮ್ಮ ಕಡೆ ನಿಲ್ಲುತ್ತಾನೆ ಎಂದು ಅವರು ನಂಬಿದ್ದರು, ಆದರೆ ಅವನು ಸಿಸಿಲ್‌ನ ಸನ್ನದನ್ನು ರದ್ದು ಮಾಡಲಿಲ್ಲ. ಐರ್ಲೆಂಡಿನ ಡ್ರೊಗೆಡಾದಲ್ಲಿ ಶರಣಾದವರನ್ನೂ ಬಿಡದೆ ಕೊಲ್ಲಿಸಿದ ಅದೇ ಕ್ರಾಮ್‌ವೆಲ್, ಆಸ್ತಿಯ ಹಕ್ಕಿನ ಪ್ರಶ್ನೆ ಬಂದಾಗ ಕ್ಯಾಥೊಲಿಕ್ ಒಡೆಯನೊಬ್ಬನ ಸನ್ನದನ್ನು ಮುಟ್ಟಲಿಲ್ಲ. 1657ರ ನವೆಂಬರಿನಲ್ಲಿ ಬೆನೆಟ್ ಮತ್ತು ಸಿಸಿಲ್ ಲಂಡನ್ನಿನಲ್ಲಿ ರಾಜಿಯಾದರು, ಮರುವರ್ಷ ಆಡಳಿತ ಸಿಸಿಲ್‌ಗೆ ಮರಳಿತು. ಪ್ಯೂರಿಟನ್ನರು ಒತ್ತಾಯಪಡಿಸಿ ಬರೆಸಿಕೊಂಡ ಷರತ್ತುಗಳಲ್ಲಿ ಒಂದು, ಒಡೆಯನ ಹೆಸರಿನ ಪ್ರಮಾಣವನ್ನು ಸಡಿಲಗೊಳಿಸುವುದು. ಇನ್ನೊಂದು, ತಾವೇ ಕಿತ್ತುಹಾಕಿದ್ದ 1649ರ ಕಾನೂನನ್ನು ಎಂದೂ ರದ್ದುಪಡಿಸುವುದಿಲ್ಲ ಎಂಬ ಸಿಸಿಲ್‌ನ ಮಾತು. ಅಲ್ಪಸಂಖ್ಯಾತರಾಗಿ ಬದುಕಬೇಕೆಂದು ತಿಳಿದ ಮೇಲೆ ಆ ಕಾನೂನಿನ ಬೆಲೆ ಅವರಿಗೂ ತಿಳಿಯಿತು.

ಮುಂದಿನ ಮೂವತ್ತು ವರ್ಷ ಮೇರಿಲ್ಯಾಂಡ್ ಸಾಕಷ್ಟು ನೆಮ್ಮದಿಯಿಂದ ಇತ್ತು. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ಸರ್ಕಾರ 1659ರಿಂದ 1661ರೊಳಗೆ ಕ್ವೇಕರ್ ಎಂಬ ಇನ್ನೊಂದು ಪ್ರಾಟೆಸ್ಟೆಂಟ್ ಪಂಥದ ನಾಲ್ವರನ್ನು ಬಾಸ್ಟನ್ನಿನಲ್ಲಿ ನೇಣಿಗೆ ಹಾಕಿತು. ಮೇರಿಲ್ಯಾಂಡ್ ಮೊದಲು ಅವರನ್ನು ಕಾಡಿದರೂ ಬಳಿಕ ಬಿಟ್ಟುಬಿಟ್ಟಿತು. ಜೇಕಬ್ ಲುಂಬ್ರೋಜೊ ಎಂಬ ಯಹೂದಿ ವೈದ್ಯನ ಮೇಲೆ 1658ರಲ್ಲಿ ದೈವನಿಂದನೆಯ ಆರೋಪ ಬಂತು. ಯೇಸುವಿನ ಪುನರುತ್ಥಾನದ ಬಗ್ಗೆ ಕೇಳಿದಾಗ ಅವನು ತನಗೆ ತೋರಿದ್ದನ್ನು ಹೇಳಿದ್ದ. ಕಾನೂನಿನ ಪ್ರಕಾರ ಗಲ್ಲಾಗಬೇಕಿತ್ತು. ಸಾರ್ವತ್ರಿಕ ಕ್ಷಮಾದಾನದಲ್ಲಿ ಪಾರಾದ. ಇದೇ ಕಾಲದಲ್ಲಿ ಅದೇ ಶಾಸನಸಭೆ ಇನ್ನೊಂದು ಕೆಲಸವನ್ನೂ ಮಾಡಿತು. 1664ರಲ್ಲಿ ಆಫ್ರಿಕನ್ನರ ಜೀವನಪರ್ಯಂತದ ಗುಲಾಮಗಿರಿಯನ್ನು ಕಾನೂನುಬದ್ಧಗೊಳಿಸಿತು, 1671ರಲ್ಲಿ ದೀಕ್ಷಾಸ್ನಾನ ಪಡೆದರೂ ಗುಲಾಮನಿಗೆ ಬಿಡುಗಡೆ ಇಲ್ಲ ಎಂದು ಬರೆಯಿತು. ಯಾರ ಆತ್ಮಸಾಕ್ಷಿಗೆ ಬೆಲೆ ಇದೆ ಎಂದು ಜಗಳವಾಡಿದವರೆಲ್ಲರೂ, ಕ್ಯಾಥೊಲಿಕ್, ಪ್ಯೂರಿಟನ್, ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನವರು) ಎಂಬ ಭೇದವಿಲ್ಲದೆ, ಈ ವಿಷಯದಲ್ಲಿ ಒಂದಾದರು. ಈ ಇತಿಹಾಸವನ್ನು ಬರೆಯುವಾಗ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

1689ರ ಎರಡನೆಯ ದಂಗೆ

ಸಿಸಿಲ್‌ನ ಮಗ ಚಾರ್ಲ್ಸ್ ಕಾಲ್ವರ್ಟ್‌ಗೆ ತಂದೆಯ ಎಚ್ಚರ ಇರಲಿಲ್ಲ. ಮತದಾನದ ಹಕ್ಕು ಆಸ್ತಿಯುಳ್ಳವರಿಗೆ ಮಾತ್ರ ಸೀಮಿತವಾಯಿತು. ಆಡಳಿತ ಮಂಡಳಿ ಅವನ ಬಂಧುಗಳಿಂದ ಮತ್ತು ಕ್ಯಾಥೊಲಿಕರಿಂದ ತುಂಬಿತು. ಹೊಗೆಸೊಪ್ಪಿನ ಬೆಲೆ ಕುಸಿಯಿತು. 1684ರಲ್ಲಿ ಅವನು ಇಂಗ್ಲೆಂಡಿಗೆ ಹೋದ. 1688ರ ನವೆಂಬರಿನಲ್ಲಿ ಅವನ ಪ್ರತಿನಿಧಿ ವಿಲಿಯಂ ಜೋಸೆಫ್ ಶಾಸನಸಭೆಗೆ, ಅಧಿಕಾರ ದೇವರಿಂದ ದೊರೆಗೆ, ದೊರೆಯಿಂದ ಒಡೆಯನಿಗೆ, ಒಡೆಯನಿಂದ ನಮಗೆ ಇಳಿದು ಬಂದಿದೆ ಎಂದು ಉಪದೇಶಿಸಿ, ಮತ್ತೆ ಅದೇ ನಿಷ್ಠೆಯ ಪ್ರಮಾಣ ಕೇಳಿದ. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್‌ನ ವಿರುದ್ಧ ಅವನ ಪ್ರಾಟೆಸ್ಟೆಂಟ್ ಅಳಿಯ, ಡಚ್ಚರ ನಾಯಕ ವಿಲಿಯಂ ಆಫ್ ಆರೆಂಜ್ ಸೈನ್ಯದೊಡನೆ ಬಂದಿಳಿದಿದ್ದ.

1689ರ ಫೆಬ್ರವರಿಯಲ್ಲಿ ವಿಲಿಯಂ ಮತ್ತು ಅವನ ಹೆಂಡತಿ, ಜೇಮ್ಸ್‌ನ ಮಗಳು ಮೇರಿ ಸಿಂಹಾಸನವೇರಿದರು. ಅವರನ್ನು ದೊರೆಗಳೆಂದು ಸಾರುವಂತೆ ಕಾಲ್ವರ್ಟ್ ಕಳುಹಿಸಿದ ದೂತ ದಾರಿಯಲ್ಲೇ ಸತ್ತ. ಬಾಸ್ಟನ್ನಿನಲ್ಲಿ ಏಪ್ರಿಲ್‌ನಲ್ಲೇ ದಂಗೆಯಾಗಿ ಗವರ್ನರ್ ಸೆರೆಯಾಗಿದ್ದ. ಮೇರಿಲ್ಯಾಂಡ್ ಮಾತ್ರ ಮೌನವಾಗಿತ್ತು. ಆ ಮೌನದಲ್ಲಿ ವದಂತಿ ಬೆಳೆಯಿತು: ಕ್ಯಾಥೊಲಿಕರು ಮೂಲನಿವಾಸಿಗಳೊಡನೆ ಸೇರಿ ಪ್ರಾಟೆಸ್ಟೆಂಟರನ್ನು ಕೊಲ್ಲಲಿದ್ದಾರಂತೆ. ವಿಚಾರಿಸಿದ ಪ್ರಾಟೆಸ್ಟೆಂಟ್ ಮುಖಂಡರಿಗೇ ಅದು ಸುಳ್ಳೆಂದು ಗೊತ್ತಾಯಿತು, ಆದರೆ ಭಯ ಇಳಿಯಲಿಲ್ಲ. ಜುಲೈನಲ್ಲಿ ಜಾನ್ ಕೂಡ್ ಎಂಬವನು ಸೇಂಟ್ ಮೇರೀಸ್‌ನ ಆಡಳಿತ ಭವನವನ್ನು ರಕ್ತಪಾತವಿಲ್ಲದೆ ಹಿಡಿದ. ಆಗಸ್ಟ್ 1ರಂದು ಕಾಲ್ವರ್ಟ್‌ನ ಸರ್ಕಾರ ಶರಣಾಯಿತು. 1681ರಲ್ಲಿ ರಾಜದ್ರೋಹದ ಆರೋಪ ಹೊತ್ತು ಬಿಡುಗಡೆಯಾಗಿದ್ದ ಕೂಡ್, ಪ್ರಾಟೆಸ್ಟೆಂಟ್ ಧರ್ಮದ ರಕ್ಷಕನೆಂದು ಮೆರೆದವನು, ಕೆಲವೇ ವರ್ಷಗಳಲ್ಲಿ ತಾನೇ ದೈವನಿಂದನೆಯ ಆರೋಪಕ್ಕೆ ಗುರಿಯಾಗಿ ವರ್ಜೀನಿಯಾಕ್ಕೆ ಓಡಿಹೋದ.

ಈ ಬಾರಿ ರಾಜಿಯಾಗಲಿಲ್ಲ. ಆಡಳಿತ ನೇರವಾಗಿ ಲಂಡನ್ನಿನ ಕೈಗೆ ಹೋಯಿತು. ಆಂಗ್ಲಿಕನ್ ಚರ್ಚು ಅಧಿಕೃತವಾಯಿತು; ಅದರ ವೆಚ್ಚಕ್ಕೆ ಕ್ಯಾಥೊಲಿಕರೂ ಕ್ವೇಕರರೂ ಹೊಗೆಸೊಪ್ಪಿನ ತೆರಿಗೆ ಕಟ್ಟಬೇಕಾಯಿತು. ರಾಜಧಾನಿ ಸೇಂಟ್ ಮೇರೀಸ್‌ನಿಂದ ಸೆವೆರ್ನ್ ನದಿಯ ಬಳಿಗೆ ಸ್ಥಳಾಂತರವಾಗಿ ಆ್ಯನಾಪೊಲಿಸ್ ಎನಿಸಿತು. 1704ರಲ್ಲಿ ಬಹಿರಂಗ ಕ್ಯಾಥೊಲಿಕ್ ಪೂಜೆ ನಿಷಿದ್ಧವಾಯಿತು, ಸೇಂಟ್ ಮೇರೀಸ್‌ನ ಇಟ್ಟಿಗೆಯ ಚಾಪೆಲ್‌ಗೆ ಬೀಗ ಬಿತ್ತು. 1718ರಲ್ಲಿ ಕ್ಯಾಥೊಲಿಕರ ಮತದಾನದ ಹಕ್ಕೂ ಹೋಯಿತು. ಕಾಲ್ವರ್ಟ್ ವಂಶಕ್ಕೆ 1715ರಲ್ಲಿ ವಸಾಹತು ಮರಳಿ ಸಿಕ್ಕಿತು, ಚಾರ್ಲ್ಸ್ ಕಾಲ್ವರ್ಟ್‌ನ ಮಗನಾದ ನಾಲ್ಕನೆಯ ಬ್ಯಾರನ್ ಕ್ಯಾಥೊಲಿಕ್ ಧರ್ಮ ಬಿಟ್ಟು ಆಂಗ್ಲಿಕನ್ ಆದ ಮೇಲೆ. ಮುತ್ತಜ್ಜ ಜಾರ್ಜ್ ಹುದ್ದೆ ಬಿಟ್ಟು ಉಳಿಸಿಕೊಂಡದ್ದನ್ನು ಮರಿಮಗ ಆಸ್ತಿಗಾಗಿ ಬಿಟ್ಟುಕೊಟ್ಟ.

ಬಹಿರಂಗ ಜೀವನದಿಂದ ಹೊರಗಿಟ್ಟ ಕ್ಯಾಥೊಲಿಕರು ಮುಂದಿನ ಅರವತ್ತು ವರ್ಷ ತಮ್ಮ ಮನೆಗಳಲ್ಲೇ ಪೂಜೆ ನಡೆಸಿ, ಮಕ್ಕಳನ್ನು ಗುಟ್ಟಾಗಿ ಯೂರೋಪಿಗೆ ಕಳುಹಿಸಿ ಓದಿಸಿದರು. ಹಾಗೆ ಓದಿ ಬಂದ ಚಾರ್ಲ್ಸ್ ಕ್ಯಾರೊಲ್ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಏಕೈಕ ಕ್ಯಾಥೊಲಿಕ್. ಅದೇ ವರ್ಷ ಮೇರಿಲ್ಯಾಂಡಿನ ಹೊಸ ಸಂವಿಧಾನ ಎಲ್ಲ ಕ್ರೈಸ್ತರಿಗೂ ಸಮಾನ ರಕ್ಷಣೆ ಕೊಟ್ಟಿತು. ಯಹೂದಿಗಳು ಸರ್ಕಾರಿ ಹುದ್ದೆ ಹಿಡಿಯಲು 1826ರವರೆಗೆ ಕಾಯಬೇಕಾಯಿತು. ದೇವರನ್ನು ನಂಬದವರ ಸರದಿ ಬಂದದ್ದು ಇನ್ನೂ ತಡವಾಗಿ: ನೋಟರಿ ಹುದ್ದೆಗೆ ದೇವರ ಅಸ್ತಿತ್ವದಲ್ಲಿ ನಂಬಿಕೆ ಘೋಷಿಸಬೇಕೆಂದು ಮೇರಿಲ್ಯಾಂಡ್ ಪಟ್ಟು ಹಿಡಿದಾಗ ರಾಯ್ ಟೊರ್ಕಾಸೊ ಒಪ್ಪದೆ ನ್ಯಾಯಾಲಯಕ್ಕೆ ಹೋದ, ಅಂಥ ಪ್ರಮಾಣವನ್ನು ಯಾವ ರಾಜ್ಯವೂ ಕೇಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟದ್ದು 1961ರಲ್ಲಿ.